ಹಳಿ ಬಾಗಿದ ಬೇಸಿಗೆ

ಹೋದ ಏಪ್ರಿಲ್ ತಿಂಗಳಲ್ಲಿ ಅಕ್ಕನ ಮೊಮ್ಮಗಳ ಮದುವೆಗೆಂದು ಯಲವಿಗಿ ಸ್ಟೇಷನ್ನಿನಲ್ಲಿ ಇಳಿದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ಗಾಡಿ ಮುಂದಕ್ಕೆ ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಾನೊಬ್ಬಳೇ ಉಳಿದೆ. ಹಳಿಯಡಿಯ ಡಾಂಬರು ಕುಡಿದ ಕಟ್ಟಿಗೆ, ಕಾದ ಕಬ್ಬಿಣ, ಎರಡೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಹಳೆಯ ವಾಸನೆ ಬಂದರೆ ಮುದುಕರ ಕಣ್ಣು ಒದ್ದೆಯಾಗುತ್ತದೆ ಅನ್ನುತ್ತಾರೆ. ನನಗೆ ಸಿಟ್ಟು ಬಂತು. ಆ ಸ್ಟೇಷನ್ನಿನ ಮೇಲೆ, ಅಲ್ಲಿ ನನ್ನ ಜೊತೆ ನಿಲ್ಲುತ್ತಿದ್ದ ಜನರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಇಪ್ಪತ್ತೆರಡು ವರ್ಷದ ನನ್ನ ಮೇಲೆ. ಮದುವೆಮನೆಯಲ್ಲಿ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. "ಬಿಸಲಾಗ ಬಂದಾಳ, ತಲಿ ಶೂಲಿ ಇರಬೇಕು" ಎಂದು ಅವರೇ ಸಮಾಧಾನ ಮಾಡಿಕೊಂಡರು. ಅಕ್ಕಿಆಲೂರಿನ ನನ್ನ ಮನೆಗೆ ಮರಳಿ ವಾರವಾದರೂ ಆ ಸಿಟ್ಟು ಇಳಿಯಲಿಲ್ಲ. ಅದಕ್ಕೆ ಬರೆಯಲು ಕೂತಿದ್ದೇನೆ.

ಆಗ ಯುದ್ಧ ನಡೆದಿತ್ತು. ಇಸವಿ ನಲವತ್ನಾಲ್ಕು ಇರಬೇಕು. ನನ್ನ ತವರು ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ. ಹಿರೇಕೆರೂರಿನ ಕಡೆ ಮಾಸೂರಿಗೆ ನನ್ನನ್ನು ಕೊಟ್ಟಿದ್ದರು. ಎರಡು ವರ್ಷ ತುಂಬುವ ಮೊದಲೇ ಗಂಡ ಜ್ವರದಲ್ಲಿ ತೀರಿಕೊಂಡ. ಅವನ ದಿನಕರ್ಮ ಮುಗಿದ ಮರುದಿನವೇ ಅತ್ತೆಮನೆಯವರು ಚಕ್ಕಡಿ ಹೂಡಿ ಕಳಿಸಿದರು. ತವರಿನಲ್ಲಿ ಅವ್ವ ಇರಲಿಲ್ಲ. ಅಪ್ಪ ನನ್ನನ್ನು ಯಲವಿಗಿಯಲ್ಲಿದ್ದ ಅಕ್ಕ ನೀಲವ್ವನ ಮನೆಗೆ ತಂದುಬಿಟ್ಟ. ಅಕ್ಕನ ಗಂಡ ಶಿವಲಿಂಗಪ್ಪ ಮಾವ ವೀಳ್ಯದೆಲೆಯ ವ್ಯಾಪಾರಿ. ಸವಣೂರಿನ ತೋಟಗಳಿಂದ ಎಲೆ ತರಿಸಿ, ಪೆಂಡಿ ಕಟ್ಟಿಸಿ, ಬುಟ್ಟಿಯಲ್ಲಿ ತುಂಬಿ ರೈಲಿಗೆ ಹಾಕಿ ಹುಬ್ಬಳ್ಳಿಗೆ ಕಳಿಸುತ್ತಿದ್ದ. ವಾರಕ್ಕೆರಡು ಸಲ ತಾನೂ ಬುಟ್ಟಿಗಳ ಜೊತೆ ಹೋಗುತ್ತಿದ್ದ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಸುವ ಒಂದು ವರ್ಷದ ಕೋರ್ಸು ಇತ್ತು. ಮುಗಿಸಿದವರಿಗೆ ಲೋಕಲ್ ಬೋರ್ಡಿನ ದವಾಖಾನೆಯಲ್ಲಿ ನೌಕರಿ, ಇರಲು ಒಂದು ಕೋಣೆ. ಆ ಕೋಣೆ ನನ್ನ ಕನಸಿನಲ್ಲಿ ಬರುತ್ತಿತ್ತು. ಅದರಲ್ಲಿ ಒಂದು ಒಲೆ, ಆ ಒಲೆಯ ಮೇಲೆ ನನಗೆ ಬೇಕಾದಾಗ ಬೇಯುವ ಅನ್ನ. ಮಾವ ಕಲಿಯಲು ಒಪ್ಪಿದ, ಆದರೆ ಅಲ್ಲಿ ಉಳಿಯಲು ಒಪ್ಪಲಿಲ್ಲ. "ಮುಂಜಾನೆ ಹೋಗು, ಸಂಜೀಕ ಬಾ. ಎಲಿ ತೊಳೆಯೋರು ಯಾರು ಮತ್ತ?" ಎಂದ. ಹಾಗೆ ನಾನು ದಿನಾಲು ಯಲವಿಗಿಯಿಂದ ಹುಬ್ಬಳ್ಳಿಗೆ ಹೋಗಿಬರುವವರ ಗುಂಪಿಗೆ ಸೇರಿದೆ.

ಗಾಡಿ ಬೆಳಿಗ್ಗೆ ಏಳೂಕಾಲಿಗೆ ಬರಬೇಕು. ಚಳಿಗಾಲದಲ್ಲಿ ಬರುತ್ತಲೂ ಇತ್ತು. ಶಿವರಾತ್ರಿ ಕಳೆದದ್ದೇ ಬಿಸಿಲು ಏರಿತು, ಅದರ ಜೊತೆಗೆ ಗಾಡಿಯ ತಡವೂ ಏರಿತು. ಮೊದಲು ಅರ್ಧ ಗಂಟೆ, ಆಮೇಲೆ ಒಂದು, ಏಪ್ರಿಲ್ ಹೊತ್ತಿಗೆ ಎರಡು, ಮೂರು. ಬಿಸಿಲಿಗೆ ಹಳಿಗಳು ಹಿಗ್ಗುತ್ತವೆ, ಅದಕ್ಕೆ ಮಧ್ಯಾಹ್ನದ ಗಾಡಿಗಳನ್ನು ಮೆಲ್ಲಗೆ ಬಿಡಬೇಕೆಂದು ಆಜ್ಞೆ ಬಂದಿದೆ, ಅವು ತಡವಾದರೆ ಮರುದಿನದ ಗಾಡಿಗೂ ಇಂಜಿನ್ ಸಿಗುವುದು ತಡ, ದಾರಿಯ ಕೆರೆಗಳು ಬತ್ತಿ ಇಂಜಿನ್ನಿಗೆ ನೀರಿಲ್ಲ, ಒಳ್ಳೆಯ ಹಳಿಗಳು ಯುದ್ಧಕ್ಕೆ ಹೋಗಿವೆ, ಕೆಲಸದ ಆಳುಗಳೂ ಹೋಗಿದ್ದಾರೆ. ಇದನ್ನೆಲ್ಲ ಸ್ಟೇಷನ್ ಮಾಸ್ತರ ಮೊದಮೊದಲು ಹೇಳುತ್ತಿದ್ದ. ಆಮೇಲೆ ಹೇಳುವುದನ್ನು ಬಿಟ್ಟ. ಟಿಕೇಟಿನ ಕಿಂಡಿ ಮುಚ್ಚಿ ಒಳಗೆ ಕೂಡುತ್ತಿದ್ದ.

ಜನ ಕಿಂಡಿಗೆ ಗುದ್ದುತ್ತಿದ್ದರು. "ಮಾಸ್ತರ, ಗಾಡಿ ಇವತ್ತ ಬರ್ತೈತೋ ನಾಳಿಗೋ?" "ಹೊರಗ ಬರ್ರಿ, ನಿಮ್ಮ ಮಾರಿ ನೋಡೂಣು!" ಒಂದು ದಿನ ಹಾನಗಲ್ಲಿನ ಅಕ್ಕಿ ವ್ಯಾಪಾರಿಯೊಬ್ಬ ಕಲ್ಲು ಬೀಸಿ ಕಿಟಕಿಯ ಗಾಜು ಒಡೆದ. ಮಾಸ್ತರ ಕೈಗೆ ಚುಚ್ಚಿದ ಗಾಜನ್ನು ಕೀಳುತ್ತ ಹೊರಗೆ ಬಂದು ಕೂಗಿದ: "ನಾ ಏನ್ ಸೂರ್ಯಾಗ ನೀರು ಹಾಕಿ ಆರಿಸ್ಲೇನ್ರಿ? ಹೊಡೀರಿ, ಹೊಡೀರಿ ನನಗ!" ಅವನ ಧ್ವನಿ ನಡುಗುತ್ತಿತ್ತು. ಜನ ನಕ್ಕರು. ನಾನೂ ನಕ್ಕೆ. ಆ ನಗೆಯಲ್ಲಿ ಎಷ್ಟು ಸುಖವಿತ್ತೆಂದರೆ ಆ ದಿನದ ಎರಡೂವರೆ ಗಂಟೆಯ ತಡ ಮರೆತೇಹೋಯಿತು.

ನಮಗೆ ಒಬ್ಬರ ಮೇಲೊಬ್ಬರಿಗೂ ಪ್ರೀತಿ ಇರಲಿಲ್ಲ. ಬೇವಿನ ಮರದ ನೆರಳಿಗೆ ಜಗಳ, ನೀರಿನ ಗಡಿಗೆಗೆ ಜಗಳ. ಹೆಂಗಸರ ಡಬ್ಬಿಯಲ್ಲಿ ಮೂಲೆಯ ಜಾಗ ಹಿಡಿದ ಒಬ್ಬಳ ಬುತ್ತಿಯ ಗಂಟನ್ನು ಒಮ್ಮೆ ನಾನೇ ಕಾಲಿನಿಂದ ಒದ್ದು ಸರಿಸಿದ್ದೇನೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅಂಗಿ ಹೊಲಿಯುತ್ತಿದ್ದ ಖಾದರಸಾಬ ಮಾತ್ರ ಎಲ್ಲರಿಗೂ ಬೇಕಾದವನು. ಸವಣೂರಿನವನು, ನಡುವಯಸ್ಸು. ತನ್ನ ತತ್ರಾಣಿಯ ನೀರನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದ. ಅವನಿಗೆ ಯಾರಾದರೂ ತಿರುಗಿ ಏನಾದರೂ ಕೊಟ್ಟಿದ್ದನ್ನು ನಾನು ನೋಡಲಿಲ್ಲ.

ಆಸ್ಪತ್ರೆಯಲ್ಲಿ ನಮಗೆ ಕಲಿಸುವ ಮುಖ್ಯ ನರ್ಸಿಗೆ ದೊಡ್ಡಬಾಯಿ ಎನ್ನುತ್ತಿದ್ದರು. ತಡವಾಗಿ ಹೋದಾಗಲೆಲ್ಲ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದಳು. ಏಪ್ರಿಲ್ ಕೊನೆಗೆ ಗೆರೆಗಳಿಗೆ ಜಾಗ ಉಳಿಯಲಿಲ್ಲ. ಒಂದು ದಿನ ಹನ್ನೊಂದಕ್ಕೆ ಮುಟ್ಟಿದೆ. ಒಂದು ಹೆರಿಗೆ ಆಗಲೇ ಮುಗಿದಿತ್ತು.

"ಬ್ಯಾನಿ ತಿನ್ನೂ ಹೆಂಗಸು ನಿನ್ನ ಗಾಡಿ ಬರೂತನಾ ಕಾಯ್ಬೇಕೇನ?" ಎಂದು ಕೇಳಿದಳು.

"ಬಿಸಲಿಗೆ ಕಂಬಿ..."

"ಬಿಸಲು, ಕಂಬಿ, ನೀರು, ಇವ್ಯಾವೂ ನನ್ನ ಮುಂದ ಹೇಳಬ್ಯಾಡ. ಬಿಸಲು ಎಲ್ಲಾರಿಗೂ ಐತಿ. ಪರೀಕ್ಷಾದ ದಿನಾ ತಡಾ ಆದ್ರ, ರೈಲ್ವೆಯವರ ತಪ್ಪಿಲೆ ಆತು ಅಂತ ಅವರ ಕೈಲೆ ಬರಿಸಿಕೊಂಡು ಬಾ. ಇಲ್ಲಂದ್ರ ಬರೂ ವರ್ಷ ಬಾ."

ಬರುವ ವರ್ಷ ನನಗಿರಲಿಲ್ಲ. ಮಾವ ಅದನ್ನು ಸ್ಪಷ್ಟವಾಗಿ ಹೇಳಿದ್ದ. ಒಂದೇ ವರ್ಷ, ಅಷ್ಟರಲ್ಲಿ ಪಾಸಾಗದಿದ್ದರೆ ಎಲೆ ತೊಳೆದುಕೊಂಡು ಮನೆಯಲ್ಲಿರಬೇಕು.

ಪರೀಕ್ಷೆ ಮೇ ತಿಂಗಳ ನಡುವೆ ಬಂತು. ಬರೆಯುವುದಲ್ಲ, ಎದುರು ಕೂಡಿಸಿ ಕೇಳುವ ತೋಂಡಿ ಪರೀಕ್ಷೆ, ಮಧ್ಯಾಹ್ನ ಎರಡು ಗಂಟೆಗೆ. ನಾನು ಆರಕ್ಕೇ ಸ್ಟೇಷನ್ನಿಗೆ ಹೋಗಿ ಕೂತೆ. ಮಾವನೂ ಬಂದ. ಅಂದು ಎಲೆ ಬುಟ್ಟಿಗಳ ಜೊತೆ ಹೋಗುವ ದಿನ. ಏಳಾಯಿತು, ಒಂಬತ್ತಾಯಿತು, ಹತ್ತಾಯಿತು. ಮಾವ ಬುಟ್ಟಿಗಳ ಮೇಲಿನ ಒದ್ದೆ ಗೋಣಿಗೆ ನೀರು ಚಿಮುಕಿಸುತ್ತ, ಪ್ರತಿ ಚಿಮುಕಿಗೂ ಒಂದು ಬೈಗುಳ ಬೈಯುತ್ತ ಓಡಾಡಿದ. ಗಡಿಗೆಯ ನೀರು ಮುಗಿಯಿತು. ಬಿಸಿಲಿನಲ್ಲಿ ಹಳಿಯ ಮೇಲಿನ ಗಾಳಿ ಕುದಿಯುವ ನೀರಿನ ಹಾಗೆ ಅಲ್ಲಾಡುತ್ತಿತ್ತು. ಗಾಡಿ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಇನ್ನೂ ಮುಟ್ಟಬಹುದಿತ್ತು. ಇಂಜಿನ್ನಿನ ಹಿಂದಿನ ಹೆಂಗಸರ ಡಬ್ಬಿಗೆ ಹತ್ತಿ ಕೂತೆ. ಬೆಂಚು ಸುಡುತ್ತಿತ್ತು. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದರೆ ಏನು ಮಾಡಬೇಕು ಎಂಬುದನ್ನು ಬಾಯಿಪಾಠ ಮಾಡುತ್ತಿದ್ದೆ.

ಎರಡು ಮೈಲು ಹೋಗಿರಬೇಕು. ಇಂಜಿನ್ನಿನ ಗಾಲಿಗಳ ಕೆಳಗೆ ಪಟಾಕಿ ಹಾರಿದ ಸದ್ದು, ಒಂದರ ಹಿಂದೆ ಒಂದು. ಅಪಾಯವಿದ್ದಾಗ ಹಳಿಯ ಮೇಲೆ ಕಟ್ಟುವ ಪಟಾಕಿ ಅದು. ಗಾಡಿ ಕಿರ್ರನೆ ನಿಂತಿತು. ಮುಂದೆ ಹಳಿಗಳ ನಡುವೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಿಂತಿದ್ದ. ಹಳಿ ಕಾಯುವ ಗ್ಯಾಂಗಿನ ದುರಗಪ್ಪ. ಅವನ ಹೆಸರು ನನಗೆ ಆಮೇಲೆ ತಿಳಿದದ್ದು. ಮೂವತ್ತರ ಆಸುಪಾಸಿನ ಕಪ್ಪನೆಯ ತೆಳ್ಳನೆಯ ಆಳು. ಓಡಿ ಬಂದಿದ್ದ, ಏದುಸಿರು ಬಿಡುತ್ತಿದ್ದ.

"ಮುಂದ ಕಂಬಿ ಬಾಗೇತ್ರಿ! ಅರ್ಧ ಮೈಲು ಮುಂದ! ಗಾಡಿ ಬಿಡಬ್ಯಾಡ್ರಿ! ನನ್ನ ತಮ್ಮ ಸಾಹೇಬರನ್ನ ಕರಿಯಾಕ ಗುಡಗೇರಿಗೆ ಓಡ್ಯಾನ!"

ಡ್ರೈವರ್ ಇಂಜಿನ್ ಬಿಟ್ಟು ಇಳಿಯುವುದಿಲ್ಲ ಎಂದ. ಗಾರ್ಡ್ ಹಿಂದಿನಿಂದ ಬರುವ ಮೊದಲೇ ಜನ ಇಳಿದಿದ್ದರು. ಮೂರು ತಿಂಗಳ ಸಿಟ್ಟು ಎಲ್ಲ ಡಬ್ಬಿಗಳಿಂದ ಒಂದೇ ಸಲ ಇಳಿದು ಬಂತು. ಮಾಸ್ತರ ಕಿಂಡಿಯ ಹಿಂದೆ ಕೂಡುತ್ತಿದ್ದ, ಬಿಸಿಲಿಗೆ ಕೈ ತಾಗುವುದಿಲ್ಲ, ರೈಲ್ವೆ ಕಂಪನಿ ಎಲ್ಲಿದೆಯೋ ಯಾರೂ ನೋಡಿಲ್ಲ. ಇವನು ಕೈಗೆ ಸಿಕ್ಕ. ಮೊದಲು ಬಾವುಟ ಕಿತ್ತುಕೊಂಡರು. ಆಮೇಲೆ ಯಾರೋ ಕಪಾಳಕ್ಕೆ ಹೊಡೆದರು. ಆಮೇಲೆ ಎಲ್ಲರೂ. ನನ್ನ ಮಾವ ಅವನ ಕೂದಲು ಹಿಡಿದು ಹಳಿಗೆ ಬಗ್ಗಿಸಿ, "ನನ್ನ ಎಲಿ ಕೊಳಿಯಾಕತ್ತಾವೋ ಮಗನ, ಎಲಿ ಕೊಳಿಯಾಕತ್ತಾವು!" ಎಂದು ಅರಚುತ್ತಿದ್ದ. ಗಾರ್ಡ್ ಇದನ್ನು ದೂರದಿಂದ ನೋಡಿ ಮರಳಿ ತನ್ನ ಡಬ್ಬಿಗೆ ಹೋಗಿ ಬಾಗಿಲು ಹಾಕಿಕೊಂಡ.

"ಹೋಗಿ ನೋಡಿಬರ್ರಿ, ಆಮ್ಯಾಗ ಹೊಡೀರಿ!" ಎಂದು ದುರಗಪ್ಪ ಕೂಗಿದ. ಯಾರೂ ಹೋಗಲಿಲ್ಲ.

ನಾನು ಹೋದೆ. ನೋಡಬೇಕೆಂದು ಅಲ್ಲ. ಹಳಿಗುಂಟ ನಡೆದರೆ ಮುಂದಿನ ಸ್ಟೇಷನ್ನು ಗುಡಗೇರಿ, ಅಲ್ಲಿಂದ ಯಾವುದಾದರೂ ಮೋಟಾರು ಸಿಕ್ಕೀತೆಂಬ ಹುಚ್ಚು ಆಸೆ. ಸೆರಗು ತಲೆಗೆ ಹೊದ್ದು ನಡೆದೆ. ಜಾಲಿಮರಗಳ ಹತ್ತಿರ ಹಳಿ ತಿರುವು ತೆಗೆದುಕೊಳ್ಳುವಲ್ಲಿ ಕಾಲು ನಿಂತುಬಿಟ್ಟಿತು. ಎರಡು ಹಳಿ ಕೂಡುವ ಜಾಗದಲ್ಲಿ ಒಂದು ಬದಿಯ ಹಳಿ ಕಟ್ಟಿಗೆಯಿಂದ ಮೇಲೆದ್ದು, ಒಂದು ಗೇಣಿನಷ್ಟು ಹೊರಗೆ ಹೊರಳಿತ್ತು. ಮೊಳೆಗಳು ಕಿತ್ತು ಬಂದಿದ್ದವು. ನಾನು ರೈಲ್ವೆಯ ಕೆಲಸ ತಿಳಿದವಳಲ್ಲ. ಆದರೆ ಅದರ ಮೇಲೆ ಗಾಡಿ ಹೋಗಿದ್ದರೆ ಇಂಜಿನ್ ಮತ್ತು ಅದರ ಹಿಂದಿನ ನಮ್ಮ ಡಬ್ಬಿ ಬದಿಯ ತಗ್ಗಿಗೆ ಬೀಳುತ್ತಿದ್ದವೆಂದು ಯಾರಿಗಾದರೂ ತಿಳಿಯುತ್ತಿತ್ತು. ಬಗ್ಗಿ ಹಳಿ ಮುಟ್ಟಿದೆ. ಬೆರಳು ಸುಟ್ಟಿತು.

ಗುಡಗೇರಿಗೆ ನಡೆಯುವ ಶಕ್ತಿ ಹೋಗಿತ್ತು. ಹಿಂದಿರುಗಿದೆ. ಹೊಡೆತ ನಿಂತಿತ್ತು. ಖಾದರಸಾಬ ನಡುವೆ ನಿಂತು ಕೈ ಅಡ್ಡ ಮಾಡಿದ್ದ. ದುರಗಪ್ಪ ಜಲ್ಲಿಯ ಮೇಲೆ ಕೂತಿದ್ದ, ಕಿವಿಯಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ಕಂಡದ್ದೇ ಎದ್ದ.

"ಅಕ್ಕಾರ, ನೀವು ಹೋಗಿಬಂದ್ರಿ. ಹೇಳ್ರಿ ಇವರಿಗೆ!"

ಎಲ್ಲರೂ ನನ್ನ ಕಡೆ ತಿರುಗಿದರು. ಖಾದರಸಾಬ ಮೆಲ್ಲಗೆ ಕೇಳಿದ, "ನೋಡಿದ್ಯಾ ತಂಗಿ?"

ಆಗ ಒಂದೂವರೆ ದಾಟಿರಬೇಕು. ಪರೀಕ್ಷೆ ಕೈಬಿಟ್ಟು ಹೋಗಿತ್ತು, ಕೋಣೆ, ಒಲೆ ಎಲ್ಲವೂ. ಜೀವ ಉಳಿಸಿದವನು ಎಂದು ಅವನ ಕಾಲು ಮುಟ್ಟಬೇಕಿತ್ತು. ನನಗೆ ಅವನ ಆ ಆಸೆಯ ಮುಖ ನೋಡಿ ದ್ವೇಷ ಉಕ್ಕಿತು. ಹಳಿ ಕಾಯುವುದು ಅವನ ಕೆಲಸ, ಬಾಗುವತನಕ ಏನು ಮಾಡುತ್ತಿದ್ದ ಅನಿಸಿತು. "ನಾ ಅಷ್ಟ ದೂರ ಹೋಗಿಲ್ಲ" ಎಂದು ಹೇಳಿ ಡಬ್ಬಿ ಹತ್ತಿದೆ.

ಎರಡೂವರೆಗೆ ಪಡುವಣದಲ್ಲಿ ಮೋಡ ಎದ್ದಿತು. ಧೂಳು ಹಾರಿಸುವ ಗಾಳಿ, ಹಿಂದೆಯೇ ಕಾಲು ಗಂಟೆಯ ಅಡ್ಡಮಳೆ. ಜನ ಬಾಯಿ ತೆರೆದು ಮಳೆಗೆ ಮುಖ ಒಡ್ಡಿದರು, ನಕ್ಕರು. ಕಿಟಕಿಯಲ್ಲಿ ಕೂತ ನನಗೆ ಆ ತಂಪು ಯಾಕೋ ಹೆದರಿಕೆ ತಂದಿತು. ಯಾಕೆಂದು ಮೂರೂವರೆಗೆ ತಿಳಿಯಿತು. ಗುಡಗೇರಿ ಕಡೆಯಿಂದ ತಳ್ಳುಗಾಡಿಯಲ್ಲಿ ಹಳಿ ತಪಾಸಣೆಯ ಸಾಹೇಬ ಬಂದ, ಹಿಂದೆ ದುರಗಪ್ಪನ ತಮ್ಮ. ಸಾಹೇಬ ಬಂದದ್ದು ಅದೇ ಹಳಿಯ ಮೇಲಿನಿಂದ. ತಂಪಿಗೆ ಹಳಿ ಕುಗ್ಗಿ ತನ್ನ ಜಾಗಕ್ಕೆ ಮರಳಿತ್ತು.

"ಹಳಿ ನೆಟ್ಟಗಿದೆ. ನಾಲ್ಕು ಮೊಳೆ ಸಡಿಲ ಇವೆ, ಅದು ಇವನದೇ ತಪ್ಪು" ಎಂದ ಸಾಹೇಬ. ಬೇರೆ ಸೀಮೆಯವನು, ಪುಸ್ತಕದ ಕನ್ನಡ ಮಾತಾಡುತ್ತಿದ್ದ. ಬೇಸಿಗೆಗೆ ಮೊದಲು ಹಳಿ ಕೂಡುವಲ್ಲೆಲ್ಲ ಸಂದು ಬಿಡಿಸಿ ಎಣ್ಣೆ ಹಾಕಿಸುವುದು ಅವನ ಹೊಣೆ, ಆ ವರ್ಷ ಅದಾಗಿರಲಿಲ್ಲ ಎಂದು ಬಹಳ ದಿನಗಳ ಮೇಲೆ ಕೇಳಿದೆ. ಬಾಗಿದ್ದು ನಿಜವಾದರೆ ಅವನ ಕುತ್ತಿಗೆಗೆ ಬರುತ್ತಿತ್ತು.

"ಸಾಹೇಬರ, ನಾವು ಇಬ್ಬರೂ ನೋಡೇವ್ರಿ" ಎಂದ ತಮ್ಮ.

"ಅಣ್ಣನ ಪರ ತಮ್ಮ ಹೇಳದೆ ಮತ್ತೆ ಯಾರು ಹೇಳುತ್ತಾರೆ?"

ಆಗ ಮಾವ ಮುಂದೆ ಬಂದ. "ನಮ್ಮ ಗಂಗವ್ವ ಮುಂದ ಹೋಗಿ ಬಂದಾಳ್ರಿ. ಕಲತಾಕಿ, ಸುಳ್ಳು ಹೇಳೂದಿಲ್ಲ. ಆಕಿನ್ನ ಕೇಳ್ರಿ."

ಸಾಹೇಬ ಕಿಟಕಿಯ ಕೆಳಗೆ ಬಂದು ಪುಸ್ತಕ ತೆರೆದು, ಹಳಿ ಬಾಗಿದ್ದು ನೋಡಿದೆಯಾ ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. "ಇದು ಇವನ ತಪ್ಪು ಅಂತಾದ್ರ, ಆಸ್ಪತ್ರಿಗೆ ತೋರ್ಸಾಕ ಒಂದು ಚೀಟಿ ಬರದುಕೊಡ್ತೀರೇನ್ರಿ?"

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಅರ್ಥವಾಯಿತು. "ಕೊಡೋಣ" ಎಂದ.

"ನಾ ಏನೂ ನೋಡಿಲ್ರಿ. ಕಂಬಿ ನೆಟ್ಟಗ ಇತ್ತು."

ದುರಗಪ್ಪನ ತಮ್ಮ ನನ್ನ ಕಡೆ ಒಂದು ಹೆಜ್ಜೆ ಇಟ್ಟ, ಅಣ್ಣ ಅವನ ತೋಳು ಹಿಡಿದ. ಗಾಡಿ ಹೊರಟಿತು. ತಿರುವಿನಲ್ಲಿ ಆ ಜಾಗದ ಮೇಲೆ ಹೋಗುವಾಗ ನಾನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದೆ.

ಚೀಟಿ ಕೆಲಸ ಮಾಡಿತು. ದೊಡ್ಡಬಾಯಿ ಅದನ್ನು ಎರಡು ಸಲ ಓದಿ ಫೈಲಿಗೆ ಹಾಕಿದಳು. ನಾಲ್ಕು ದಿನ ಬಿಟ್ಟು ನನ್ನೊಬ್ಬಳನ್ನೇ ಕೂಡಿಸಿ ಪರೀಕ್ಷೆ ಮಾಡಿದರು, ಪಾಸಾದೆ. ಕೋರ್ಸಿನ ಉಳಿದ ಆರು ತಿಂಗಳು ಅಲ್ಲಿಯೇ ಕೈಪಳಗಿಸಿಕೊಳ್ಳಬೇಕು, ಆಮೇಲೆ ನೌಕರಿ. ಅಕ್ಕ ಹೋಳಿಗೆ ಮಾಡಿದಳು. ದುರಗಪ್ಪನ ನೌಕರಿ ಅದೇ ವಾರ ಹೋಯಿತು. ಕಾರಣವಿಲ್ಲದೆ ಗಾಡಿ ನಿಲ್ಲಿಸಿದ್ದು, ಮೊಳೆ ಸಡಿಲ ಬಿಟ್ಟಿದ್ದು, ಎರಡು ತಪ್ಪು. ಇದನ್ನು ನನಗೆ ಹೇಳಿದವನು ಖಾದರಸಾಬ. ಹೇಳಿ ನನ್ನ ಮುಖವನ್ನೇ ನೋಡಿದ. ನಾನು ತಲೆ ಬೇರೆ ಕಡೆ ತಿರುಗಿಸಿದೆ. ಆಮೇಲೆ ಅವನು ನನಗೆ ನೀರು ಬೇಕೇನು ಎಂದು ಕೇಳುವುದನ್ನು ಬಿಟ್ಟ.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಭಾನುವಾರ ಮಾವ ಸವಣೂರಿಗೆ ಹೋಗಿದ್ದ. ನಾನು ಪಡಸಾಲೆಯಲ್ಲಿ ಎಲೆ ಆರಿಸುತ್ತಿದ್ದೆ. ಅಂಗಳದಲ್ಲಿ ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಒಬ್ಬ ನಿಂತಿದ್ದ. ಮೆಟ್ಟಿಲು ಹತ್ತಲಿಲ್ಲ. ಗುರುತು ಸಿಕ್ಕ ಕೂಡಲೇ ನನ್ನ ಮಾತು ಗಡುಸಾಯಿತು.

"ಯಾಕ ಬಂದಿ? ಮಾವ ಮನ್ಯಾಗ ಇಲ್ಲ."

"ನಿಮ್ಮ ಕಡೇನ ಬಂದೇನ್ರಿ ಅಕ್ಕಾರ."

"ನೌಕರಿ ಕೊಡಸೂದು ನನ್ನ ಕೈಯಾಗಿಲ್ಲ."

"ನೌಕರಿ ಕೇಳಾಕ ಬಂದಿಲ್ರಿ. ಸಡಕಿನ ಮ್ಯಾಲ ಕಲ್ಲು ಒಡಿಯಾಕತ್ತೇನಿ, ಹೊಟ್ಟಿ ನಡದೈತಿ." ಅವನ ಎಡಗಿವಿಯ ಅಂಚು ಹರಿದು ವಕ್ರವಾಗಿ ಕೂಡಿಕೊಂಡಿತ್ತು. ಆ ಕಡೆಯಿಂದ ಕೇಳಿಸುತ್ತಿರಲಿಲ್ಲವೋ ಏನೋ, ನಾನು ಮಾತಾಡುವಾಗ ಇನ್ನೊಂದು ಕಿವಿ ತಿರುಗಿಸುತ್ತಿದ್ದ. "ಆವತ್ತ ನೀವು ಅದನ್ನ ನೋಡಿದ್ರಿ, ಹೌದಲ್ರಿ?"

ಒಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಕೇಳುತ್ತಿದ್ದಳು. ಮಾಸೂರಿನಿಂದ ಬಂದ ನನ್ನನ್ನು ಈ ಮನೆಯಲ್ಲಿ ಒಳ್ಳೆಯವಳೆಂದು ನಂಬಿದವಳು ಅವಳೊಬ್ಬಳೇ.

"ನೋಡಿಲ್ಲ ಅಂತ ಆವತ್ತ ಹೇಳೇನಲ್ಲ" ಎಂದೆ.

ಅವನು ಸಿಟ್ಟಾಗಲಿಲ್ಲ. ಕೊಪ್ಪೆಯ ಅಂಚಿನಿಂದ ನೀರು ಅವನ ಎದೆಯ ಮೇಲೆ ಇಳಿಯುತ್ತಿತ್ತು.

"ಆತ್ರಿ. ಇನ್ನೊಂದು ಕೇಳೂದೈತಿ. ನನ್ನ ತಮ್ಮ ಅದ ಗ್ಯಾಂಗಿನ್ಯಾಗ ಅದಾನ್ರಿ. ಬರೂ ಬ್ಯಾಸಗ್ಯಾಗ ಅವನೂ ಆ ಕಂಬಿ ಕಾಯ್ತಾನ. ಮತ್ತ ಎಲ್ಲ್ಯರ ಬಾಗಿದ್ದು ಕಂಡ್ರ ಏನ್ ಮಾಡ್ಲಿ ಅಂತ ನನ್ನ ಕೇಳಾಕತ್ತಾನ. ನಾ ಏನ್ ಹೇಳ್ಲೆಂತ ಗೊತ್ತಾಗವಲ್ದು. ನೀವು ಕಲತವರು. ಗಾಡಿ ನಿಲ್ಸು ಅಂತ ಹೇಳ್ಲ್ಯೋ, ಬಿಟ್ಟುಬಿಡು ಅಂತ ಹೇಳ್ಲ್ಯೋ?"

ಕೈಯಲ್ಲಿದ್ದ ಎಲೆ ಕೆಳಗಿಟ್ಟೆ. ಯೋಚನೆ ಮಾಡಿ ಉತ್ತರ ಕೊಟ್ಟಿದ್ದರೆ ಮತ್ತೇನೋ ಹೇಳುತ್ತಿದ್ದೆ. ಬಾಯಿ ಮೊದಲು ಹೇಳಿಬಿಟ್ಟಿತು.

"ನಿಲ್ಸು ಅಂತ ಹೇಳು."

ಅವನು ತಲೆ ಎತ್ತಿ ನೋಡಿದ. "ಹಂಗಾರ ನೀವು ನೋಡೀರಿ" ಎಂದ.

ನನ್ನ ಉತ್ತರಕ್ಕೆ ಕಾಯಲಿಲ್ಲ. ಕೊಪ್ಪೆ ಸರಿಪಡಿಸಿಕೊಂಡು, ಅಂಗಳ ದಾಟಿ, ಮಳೆಯಲ್ಲಿ ಸಡಕಿನ ಕಡೆ ನಡೆದುಹೋದ. ಹಿಂದೆ ಅಕ್ಕ ಹೊಸ್ತಿಲಲ್ಲಿ ಬಂದು ನಿಂತಿದ್ದು ತಿಳಿಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅವಳು ಒಳಗೆ ಹೋದಳು, ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು.

ಆ ರಾತ್ರಿ ರೈಲ್ವೆಯವರಿಗೆ ನಿಜ ಬರೆದು ತಿಳಿಸಬೇಕೆಂದು ಕಾಗದ ತೆಗೆದುಕೊಂಡದ್ದು ಹೌದು. ನಿಜ ಬರೆದರೆ ದೊಡ್ಡಬಾಯಿಯ ಫೈಲಿನಲ್ಲಿದ್ದ ಚೀಟಿ ಸುಳ್ಳಾಗುತ್ತಿತ್ತು. ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಏಳೂಕಾಲಿಗೆ ಸರಿಯಾಗಿ ಬಂತು. ನಾನು ಹತ್ತಿ ಕೂತೆ.